ಊದಿದ ಗೆಣ್ಣು

ಗದೆಯಮ್ಮನ ಬೆಳಗು ಶುರುವಾಗುತ್ತಿದ್ದದ್ದು ಬಿಸಿನೀರಿನ ಬೋಗುಣಿಯಲ್ಲಿ. ಗಂಡ ನೀರು ಕಾಯಿಸಿ ಸುರಿದಿಡುವನು. ಅವಳು ಎರಡೂ ಕೈಗಳನ್ನು ಮಣಿಕಟ್ಟು ಮುಳುಗುವವರೆಗೆ ಅದರಲ್ಲಿಟ್ಟು, ಹಲ್ಲು ಕಚ್ಚಿಕೊಂಡು, ಅಡುಗೆಮನೆಯ ಕಿಟಕಿಯಾಚೆ ಕಾಣುವ ಜೈಲಿನ ಗೋಡೆಯನ್ನು ನೋಡುತ್ತ ನಿಲ್ಲುವಳು. ರಾತ್ರಿ ಮಲಗುವಾಗ ಕೈಯಾಗಿದ್ದದ್ದು ಬೆಳಗಾಗುವಷ್ಟರಲ್ಲಿ ಮರದ ಕೊರಡಾಗಿರುತ್ತಿತ್ತು. ಬೆರಳು ಮಡಚಲು ಹೋದರೆ ಗೆಣ್ಣುಗೆಣ್ಣಿನೊಳಗೂ ಯಾರೋ ದಬ್ಬಳ ತಿರುವಿದ ಹಾಗಾಗುತ್ತಿತ್ತು. ನೀರು ತಣ್ಣಗಾಗುವ ಹೊತ್ತಿಗೆ ಒಂದೊಂದೇ ಬೆರಳು ಒಲ್ಲದ ಮನಸ್ಸಿನಿಂದ ಬಗ್ಗುತ್ತಿತ್ತು.

ಆಮೇಲೆ ಗಂಡ ಅವಳ ಖಾಕಿ ಅಂಗಿಯ ಗುಂಡಿಗಳನ್ನು ಹಾಕಿಕೊಡಬೇಕು. ಅವನದು ಲಾರಿ ಗ್ಯಾರೇಜಿನ ಮೆಕ್ಯಾನಿಕ್ಕಿನ ಕೈ, ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ.

"ಲಾರಿ ಚಕ್ರದ ನಟ್ಟು ಬಿಗಿಯೋದು ಎಷ್ಟೋ ಸಲೀಸು ಕಣೇ. ಈ ಗುಂಡಿ ಕೆಲಸಕ್ಕೆ ನಿಮ್ಮ ಇಲಾಖೆಯವರು ನನಗೂ ಒಂದು ಸಂಬಳ ಕೊಡಬೇಕು," ಎಂದ ಅವನು.

"ಬೇಗ ಹಾಕ್ರೀ, ಹಾಜರಿಗೆ ಹೊತ್ತಾಯ್ತು."

"ಮಾತ್ರೆ?"

"ಮತ್ತೆ ಅದನ್ನೇ ಶುರು ಮಾಡ್ಬೇಡಿ."

ಅವನು ಕೊನೆಯ ಗುಂಡಿ ಹಾಕಿದ. ಅವಳ ಕೈಗಳ ಗುಟ್ಟು ಗೊತ್ತಿದ್ದದ್ದು ಊರಿನಲ್ಲಿ ಅವನೊಬ್ಬನಿಗೇ.

ಗದೆಯಮ್ಮ ಹೆಂಗಸರ ಜೈಲಿನ ಹೆಡ್ ವಾರ್ಡರ್. ಆ ಹೆಸರನ್ನು ಇಟ್ಟವರು ಕೈದಿಗಳು. ಹಿಂದೊಮ್ಮೆ ಚಮಚ ಮಸೆದು ಚೂರಿ ಮಾಡಿಕೊಂಡು ಕಾದಾಡುತ್ತಿದ್ದ ಇಬ್ಬರು ಹೆಂಗಸರನ್ನು ಬರಿಗೈಯಲ್ಲಿ ಒಂದೊಂದೇ ಏಟಿಗೆ ಮಲಗಿಸಿದ್ದಳು. ಅಂದಿನಿಂದ ಅವಳ ಬೂಟಿನ ಸದ್ದು ಕೇಳಿದರೆ ಬ್ಯಾರಕ್ಕಿನಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಇನ್ನೂರು ಹೆಂಗಸರನ್ನು ಹಿಡಿದಿಡಲು ಇದ್ದದ್ದು ಹನ್ನೆರಡು ಮಂದಿ ವಾರ್ಡರುಗಳು. ಅವರಲ್ಲಿ ಹನ್ನೊಂದು ಮಂದಿ ಅವಳ ಕೈಗಳ ಧೈರ್ಯದ ಮೇಲೆ ನಿಂತವರು. ಅಂಥ ಕೈಗಳಿಗೇ ರೋಗ ಹಿಡಿದಿದೆ ಎಂಬ ಸುದ್ದಿ ಹರಡಿದರೆ?

ಕೀಲುಗಳಲ್ಲಿ ಉರಿಯೂತ ಎಂದು ಡಾಕ್ಟರು ಹೇಳಿದ್ದರು. ಯಾರಿಗೂ ಗೊತ್ತಾಗದಿರಲೆಂದು ಪಕ್ಕದೂರಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡಿದ್ದಳು. ಕೊಟ್ಟ ಮಾತ್ರೆಯಿಂದ ಬೆರಳು ಸಡಿಲವಾಯಿತು, ಆದರೆ ಮುಖ ಕೊಂಚ ಊದಿತು. "ಏನು ಮೇಡಂ, ಮೈ ಕೈ ತುಂಬ್ಕೊಂಡಿದೀರಿ," ಎಂದು ಯಾರೋ ನಕ್ಕರು. ವಾರ್ಡರುಗಳ ದೈಹಿಕ ಪರೀಕ್ಷೆ ಬರುವುದಿತ್ತು. ಓಡಬೇಕು, ಹಗ್ಗ ಹತ್ತಬೇಕು, ಭಾರ ಎತ್ತಬೇಕು. ಆಗದವರ ತೋಳಿನ ಪಟ್ಟಿ ಕಿತ್ತು ಉಗ್ರಾಣಕ್ಕೆ ಕಳಿಸುವುದು ರೂಢಿ. ಗದೆಯಮ್ಮ ಮಾತ್ರೆಯನ್ನು ಬಚ್ಚಲಿಗೆ ಸುರಿದು ಜಿಮ್ಮು ಸೇರಿದಳು.

ಜಿಮ್ಮಿನ ತರಬೇತುದಾರನನ್ನು ಎಲ್ಲರೂ ಗುರು ಎಂದೇ ಕರೆಯುತ್ತಿದ್ದರು. ತೋಳು ಒಂದೊಂದೂ ಅವಳ ತೊಡೆಯಷ್ಟಿತ್ತು. ಮಾತು ಮಾತ್ರ ಮೆದು.

"ನೋವು ಅಂದ್ರೇನು ಗೊತ್ತಾ ಮೇಡಂ? ಸೋಮಾರಿತನ ಮೈ ಬಿಟ್ಟು ಹೋಗುವಾಗ ಅರಚಿಕೊಳ್ಳತ್ತಲ್ಲ, ಅದು. ನಾನು ಮೆಟ್ಟಿಲು ಹತ್ತಲಾರದೆ ಅಳ್ತಾ ಕೂತವನು. ನನ್ನನ್ನ ಯಾರು ಎಬ್ಬಿಸಿದ್ದು? ನಾನೇ, ನನ್ನನ್ನ ಹೊಡೆದು ಎಬ್ಬಿಸಿದೆ."

"ಕೀಲು ಊದಿದ್ರೆ?"

"ಊದಿದ್ದು ಇಳಿಯೋವರೆಗೂ ಕೆಲಸ ಕೊಡಿ. ಮಾತ್ರೆ ನುಂಗಿ ಮಲಗಿದವರು ಯಾರೂ ಎದ್ದಿದ್ದು ನಾನು ನೋಡಿಲ್ಲ."

ಅವನು ಮೋಸಗಾರನಲ್ಲ. ತನಗೆ ಒಗ್ಗಿದ್ದು ಊರಿಗೆಲ್ಲ ಒಗ್ಗುತ್ತದೆಂದು ನಂಬಿದವನು, ಅಷ್ಟೆ. ಗದೆಯಮ್ಮನಿಗೂ ಆ ಭಾಷೆ ಹೊಸದೇನಲ್ಲ. ಹೊಡೆದರೆ ಎಲ್ಲವೂ ದಾರಿಗೆ ಬರುತ್ತದೆಂದು ಅವಳೂ ಇಪ್ಪತ್ತು ವರ್ಷದಿಂದ ನಂಬಿಕೊಂಡೇ ಸಂಬಳ ತೆಗೆದುಕೊಂಡವಳು. ತೂಗುಹಾಕಿದ ಮರಳಚೀಲಕ್ಕೆ ಗುದ್ದಿದಳು. ಗೆಣ್ಣಿನ ಚರ್ಮ ಒಡೆದು ಚೀಲದ ಮೇಲೆ ಕೆಂಪು ಕಲೆಗಳಾದವು. ಹೆಗಲ ಮೇಲೆ ಕಬ್ಬಿಣ ಹೊತ್ತು ಕುಕ್ಕರಿಸಿ ಎದ್ದಳು. ಮಂಡಿಯೊಳಗೆ ನೀರು ತುಂಬಿ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಯಿತು. "ಭೇಷ್," ಎಂದ ಗುರು.

ಊಟವನ್ನೂ ಅವನೇ ಗೊತ್ತುಮಾಡಿದ. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಮೊಟ್ಟೆಯ ಬಿಳಿ ಭಾಗ, ಸಂಜೆ ಸೊಪ್ಪು ಅರೆದ ಹಸಿರು ನೀರು. ಒಳಗೆ ಹಸಿವು, ಮೇಲೆ ನೋವು. ಎರಡೂ ಸೇರಿ ಅವಳ ತಲೆ ಸದಾ ಕಾದ ಬಾಣಲೆಯಾಗಿತ್ತು. ಒಂದು ಸಂಜೆ ಗಂಡ ತನ್ನ ಪಾಡಿಗೆ ತಾನು ಈರುಳ್ಳಿ ಹುರಿದುಕೊಂಡು ಊಟಕ್ಕೆ ಕುಳಿತಿದ್ದ. ಆ ಘಮಲು ಮೂಗಿಗೆ ಬಡಿದದ್ದೇ ತಡ, ಅವಳು ಅವನ ಮುಂದಿನ ತಟ್ಟೆಯನ್ನು ಎತ್ತಿ ಬೀಸಿ ಒಗೆದಳು. ತಟ್ಟೆಯ ಅಂಚು ಅವನ ಹುಬ್ಬಿಗೆ ತಗುಲಿತು. ರಕ್ತ ಕಣ್ಣಿಗಿಳಿಯಿತು.

ಅವನು ಹೆಗಲ ಟವೆಲಿನಿಂದ ಹುಬ್ಬು ಒತ್ತಿಕೊಂಡ. ಆಮೇಲೆ ಹೇಳಿದ: "ಇಂಜಿನ್ನು ಕಾದು ಹೊಗೆ ಬರ್ತಿದ್ರೂ ಎಣ್ಣೆ ಹಾಕದೆ ಓಡಿಸ್ತಾರಲ್ಲ, ಅಂಥೋರ ಗಾಡಿ ನನ್ನ ಹತ್ರಾನೇ ಬರೋದು. ನಿನ್ನನ್ನ ಯಾವ ಗ್ಯಾರೇಜಿಗೆ ಹಾಕಲಿ, ಹೇಳು."

ಕ್ಷಮಿಸಿ ಎನ್ನಬೇಕೆನಿಸಿತು. ಅನ್ನದೆ, ಬಗ್ಗಿ ತಟ್ಟೆ ಎತ್ತಿಟ್ಟಳು.

ಮರುದಿನ ಹಾಜರಿಯ ಗಂಟೆ ಹೊಡೆದಾಗ ಮೂರನೆಯ ಬ್ಯಾರಕ್ಕಿನ ಹೆಂಗಸರೆಲ್ಲ ಅಂಗಳದಲ್ಲಿ ಸಾಲಾಗಿ ಕುಳಿತರು. ಒಬ್ಬಳು ಕಡಿಮೆಯಿದ್ದಳು. ಹೊಲಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ, ಪುಟ್ಟ ಆಳಿನ ಹೆಂಗಸು. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಕೆಲಸದ ಮನೆಯಲ್ಲಿ ಬಳೆ ಕದ್ದಳೆಂಬ ಆರೋಪ ಹೊತ್ತು, ವಿಚಾರಣೆ ಮುಗಿಯುವುದನ್ನೇ ಕಾಯುತ್ತಿದ್ದವಳು.

"ಒಳಗೇ ಇದಾಳೆ ಮೇಡಂ. ಏಳಕ್ಕಾಗ್ತಿಲ್ಲ ಅವಳಿಗೆ," ಎಂದಳು ಸಾಲಿನ ತುದಿಯಲ್ಲಿದ್ದ ದೊಡ್ಡಮ್ಮ. ಮಗಳನ್ನು ಸುಟ್ಟ ಅಳಿಯನನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿ ಕೊಂದು ಬಂದ ಹೆಂಗಸು ಅವಳು. ಜೈಲಿನಲ್ಲಿ ಗದೆಯಮ್ಮನ ಮುಖವನ್ನು ನೇರ ನೋಡಿ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಗದೆಯಮ್ಮ ಲಾಠಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದಳು. ಕೈಯಲ್ಲಿ ಬಿಗಿಹಿಡಿದರೆ ಬೆರಳು ಉರಿಯುತ್ತಿದ್ದುದರಿಂದ ಹಾಗೆ. ಹೊಸದಾಗಿ ಸೇರಿದ ಕಿರಿಯ ವಾರ್ಡರ್ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಗುಬ್ಬಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು.

"ಬೆಳಿಗ್ಗೆ ಹೊತ್ತು ಕೈಕಾಲು ನನ್ನ ಮಾತು ಕೇಳಲ್ಲ ಮೇಡಂ. ಬಿಸಿಲೇರಿದ ಮೇಲೆ ಸರಿಹೋಗತ್ತೆ. ಕೆಲಸ ತಪ್ಪಿಸಲ್ಲ. ಒಂದು ಚೊಂಬು ಬಿಸಿನೀರು ಸಿಕ್ಕಿದ್ರೆ, ಕೈ ಅದ್ದಿಕೊಂಡು ಈಗಲೇ ಬಂದ್ಬಿಡ್ತೀನಿ."

ಬಿಸಿನೀರು ಎಂಬ ಮಾತಿಗೆ ಗದೆಯಮ್ಮನ ಎದೆ ಧಸಕ್ಕೆಂದಿತು. ಇವಳಿಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಪಾಡು ಅವಳದಾಗಿತ್ತು. ಗುಬ್ಬಿಯ ತೊಡೆಯ ಮೇಲಿದ್ದ ಕೈಗಳನ್ನು ನೋಡಿದಳು. ಗೆಣ್ಣುಗಳು ಕೆಂಪಗೆ ಹೊಳೆಯುತ್ತ ಊದಿದ್ದವು; ಬೆರಳುಗಳು ನಡುವೆ ದಪ್ಪ, ತುದಿಗೆ ಸಣ್ಣ. ಬೆಳಿಗ್ಗೆ ಬೋಗುಣಿಯಲ್ಲಿ ಕಂಡದ್ದು ಇವೇ ಕೈಗಳು.

ಸುಳ್ಳಲ್ಲ ಎಂದು ಅವಳ ಮೂಳೆಗೇ ಗೊತ್ತಿತ್ತು. ಇದನ್ನು ನಿಜವೆಂದು ಒಪ್ಪಿದರೆ ತನ್ನದೂ ನಿಜವಾಗುತ್ತದೆ. ಬಾಗಿಲಲ್ಲಿ ಹೊಸಬಳು ನೋಡುತ್ತಿದ್ದಾಳೆ. ಅಂಗಳದಲ್ಲಿ ಇಡೀ ಬ್ಯಾರಕ್ಕು ಕಿವಿಯಾಗಿದೆ.

"ನಾಟಕ," ಎಂದಳು.

ಲಾಠಿಯ ಮೊದಲ ಏಟು ತೊಡೆಗೆ ಬಿತ್ತು. ಗುಬ್ಬಿ ಕೂಗಿಕೊಂಡಳು. ಎರಡನೆಯದು ಮಂಡಿಗೆ. ಗುಬ್ಬಿ ಏಳಲು ಹೋಗಿ ಮಗ್ಗುಲಾಗಿ ಬಿದ್ದು, ತಲೆ ಮುಚ್ಚಿಕೊಳ್ಳಲು ಕೈಗಳನ್ನು ಎತ್ತಿದಳು. ಆ ಕೈಗಳನ್ನು ಕಂಡೊಡನೆ ಗದೆಯಮ್ಮನಿಗೆ ಏನಾಯಿತೋ, ಲಾಠಿಯನ್ನು ಎರಡೂ ಕೈಯಲ್ಲಿ ಹಿಡಿದು ಅವುಗಳ ಮೇಲೆಯೇ ಬಾರಿಸತೊಡಗಿದಳು. ಒಂದೊಂದು ಏಟೂ ಅವಳ ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಬೆಂಕಿಯ ಹಾಗೆ ಹತ್ತುತ್ತಿತ್ತು. ಹತ್ತಿದಷ್ಟೂ ಹೊಡೆದಳು. ಕೊನೆಗೆ ಗುಬ್ಬಿಯ ಎಡ ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದ ಸದ್ದಾಯಿತು. ಗುಬ್ಬಿಯ ಕೂಗು ನಿಂತು, ಬಾಯಿ ಮಾತ್ರ ತೆರೆದೇ ಉಳಿಯಿತು.

ಲಾಠಿ ಗದೆಯಮ್ಮನ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಬೆರಳು ಮುಚ್ಚಲಿಲ್ಲ. ಕಿರಿಯ ವಾರ್ಡರ್ ಓಡಿಬಂದು ಎತ್ತಿಕೊಟ್ಟಳು. ಅವಳ ಕಣ್ಣಲ್ಲಿ ಮೆಚ್ಚುಗೆಯಿತ್ತು.

"ಇಂಥೋರಿಗೆ ಹೀಗೇ ಆಗ್ಬೇಕು ಮೇಡಂ," ಎಂದಳು.

ಆ ದಿನ ಗುಬ್ಬಿಯನ್ನು ಯಾರೂ ಆಸ್ಪತ್ರೆಗೆ ಒಯ್ಯಲಿಲ್ಲ. ಕಾಂಪೌಂಡರ್ ಬಂದು ಬಟ್ಟೆ ಸುತ್ತಿ ಹೋದ. ಗದೆಯಮ್ಮ ಸಂಜೆ ಜಿಮ್ಮಿಗೂ ಹೋಗದೆ, ಮನೆಯಲ್ಲಿ ಬೋಗುಣಿಯ ಮುಂದೆ ಕೂತಳು. ನೀರಿನಲ್ಲಿದ್ದ ಕೈಗಳನ್ನು ನೋಡಲಾಗದೆ ಮೇಲೊಂದು ಬಟ್ಟೆ ಮುಚ್ಚಿದಳು.

ಜೈಲು ಸಿಡಿದದ್ದು ಮರುದಿನ ಮಧ್ಯಾಹ್ನದ ಊಟಕ್ಕೆ. ಊಟದ ಹಜಾರದಲ್ಲಿ ಹೆಂಗಸರು ತಟ್ಟೆ ಹಿಡಿದು ಸಾಲು ನಿಂತಿದ್ದರು. ಗುಬ್ಬಿಯ ಎಡಗೈ ಬಟ್ಟೆಯಲ್ಲಿ ಜೋತುಬಿದ್ದಿತ್ತು. ಬಲಗೈಯ ಊದಿದ ಬೆರಳುಗಳಿಗೆ ತುಂಬಿದ ತಟ್ಟೆ ಭಾರವಾಗಿ ಜಾರಿತು. ಬಿಸಿ ಬೇಳೆ ಅವಳ ಪಾದದ ಮೇಲೆ ಚೆಲ್ಲಿತು. ಕಿರಿಯ ವಾರ್ಡರ್ ಮುಂದೆ ಬಂದು ಅವಳ ಕತ್ತು ಹಿಡಿದು ನೆಲಕ್ಕೆ ಬಗ್ಗಿಸಿದಳು.

"ಚೆಲ್ಲಿದ್ದೀಯಲ್ಲ, ಅದನ್ನೇ ತಿನ್ನು."

ಗದೆಯಮ್ಮ ಮಾರು ದೂರದಲ್ಲಿದ್ದಳು. ಬಿಡು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ದೊಡ್ಡಮ್ಮನ ಕೈಯಲ್ಲಿದ್ದ ತಟ್ಟೆ ಚಕ್ರದಂತೆ ತಿರುಗುತ್ತ ಬಂದು ಕಿರಿಯ ವಾರ್ಡರಳ ಕಿವಿಯ ಮೇಲೆ ಅಪ್ಪಳಿಸಿತು. ಅಷ್ಟೇ ಸಾಕಾಯಿತು. ಇನ್ನೂರು ತಟ್ಟೆಗಳು ಒಮ್ಮೆಗೇ ಹಾರಿದವು. ಬೆಂಚುಗಳು ಮಗುಚಿದವು. ಯಾರೋ ಬೇಳೆಯ ಹಂಡೆಯನ್ನೇ ಒದ್ದು ಉರುಳಿಸಿದರು. ವಾರ್ಡರುಗಳು ಅಡುಗೆಕೋಣೆಗೆ ನುಗ್ಗಿ ಅಗುಳಿ ಹಾಕಿಕೊಂಡರು. ಗದೆಯಮ್ಮ ಸೀಟಿ ಊದುತ್ತ ಗುಂಪಿನೊಳಗೆ ನುಗ್ಗಿದಳು. ಎಂದೂ ಹಿಂದೆ ಸರಿದವಳಲ್ಲ. ಒಬ್ಬಳನ್ನು ತಳ್ಳಿದಳು, ಇನ್ನೊಬ್ಬಳ ಮುಖಕ್ಕೆ ಮೊಣಕೈಯಲ್ಲಿ ಗುದ್ದಿದಳು. ಹಿಂದಿನಿಂದ ಬಂದ ಬೆಂಚು ಅವಳ ಮಂಡಿಗೆ ಬಡಿಯಿತು. ನೀರು ತುಂಬಿದ್ದ ಮಂಡಿ ಮಡಚಿಕೊಂಡಿತು. ಬಿದ್ದವಳ ಬೆನ್ನಿಗೆ, ಪಕ್ಕೆಗೆ, ಹೊಟ್ಟೆಗೆ ಒದೆಗಳು ಬಿದ್ದವು. ಬಾಯಲ್ಲಿ ಉಪ್ಪುಪ್ಪು ರಕ್ತ. ಯಾರೋ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದರು.

"ಬಿಡ್ರೇ, ಇವಳು ನನಗೆ," ಎಂದ ದನಿ ಕೇಳಿತು. ದೊಡ್ಡಮ್ಮ ಅವಳ ಎದೆಯ ಮೇಲೆ ಕೂತಳು. ಬಟ್ಟೆ ಹಿಂಡಿ ಹಿಂಡಿ ಉಕ್ಕಾಗಿದ್ದ ಕೈಗಳಿಂದ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಇವೇ ಅಲ್ವಾ ಹೊಡೆದ ಕೈ?" ಎಂದು ಗೆಣ್ಣುಗಳನ್ನು ಅಮುಕಿದಳು.

ಗದೆಯಮ್ಮನ ಗಂಟಲಿನಿಂದ ಹೊರಟದ್ದು ಮನುಷ್ಯರ ಕೂಗಿನಂತಿರಲಿಲ್ಲ. ಒದೆ ತಿಂದಾಗ ತುಟಿ ಬಿಚ್ಚದವಳು ಬರೀ ಕೈ ಅಮುಕಿದ್ದಕ್ಕೆ ಹೀಗೆ ಅರಚುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಸುತ್ತಲಿದ್ದವರು ನಿಂತರು. ದೊಡ್ಡಮ್ಮ ಹಿಡಿತ ಸಡಿಲಿಸಿ ಆ ಬೆರಳುಗಳನ್ನು ಕಣ್ಣ ಹತ್ತಿರ ತಂದು ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ, ಗೋಡೆಯ ಬಳಿ ಕುಸಿದು ಕೂತಿದ್ದ ಗುಬ್ಬಿಯ ಕಡೆ ನೋಡಿದಳು.

"ನಿನಗೂ ಇದೆ," ಎಂದಳು ಮೆಲ್ಲಗೆ. "ಅವಳಿಗೆ ಹೇಗಾಗತ್ತೆ ಅಂತ ನಿನಗೆ ಗೊತ್ತಿತ್ತು. ಗೊತ್ತಿಲ್ದೆ ಹೊಡೆದಿದ್ದೀಯ ಅಂದ್ಕೊಂಡಿದ್ದೆ ನಾನು. ನೀನು ಗೊತ್ತಿದ್ದೇ ಹೊಡೆದೆ."

ಅವಳು ಎದೆಯ ಮೇಲಿಂದ ಎದ್ದು ಹೋದಳು. ಇನ್ನೊಂದು ಏಟೂ ಹಾಕಲಿಲ್ಲ. ಸಶಸ್ತ್ರ ಪಡೆಯವರು ಬಾಗಿಲು ಒಡೆದು ಬಂದಾಗ ಗದೆಯಮ್ಮ ಬೇಳೆಯ ಕೆಸರಿನಲ್ಲಿ ಅಂಗಾತ ಬಿದ್ದಿದ್ದಳು. ಪಕ್ಕೆಯ ಎರಡು ಎಲುಬು ಮುರಿದಿದ್ದವು.

ಆಸ್ಪತ್ರೆಯಲ್ಲಿ ಪಕ್ಕೆಗೆ ಪಟ್ಟಿ ಕಟ್ಟಿದವರು ಕೈಗಳನ್ನು ನೋಡಿ, ಮರುದಿನ ಬೆಳಿಗ್ಗೆ ಕೀಲು ವಿಭಾಗದ ಡಾಕ್ಟರಮ್ಮನನ್ನು ಕರೆಸಿದರು. ನಲವತ್ತರ ಆಸುಪಾಸಿನ, ಒಂದು ಮಾತಿಗೆ ಎರಡು ಮಾತು ಬೆರೆಸದ ಹೆಂಗಸು.

"ಮಾತ್ರೆ ಯಾಕೆ ಬಿಟ್ರಿ?"

"ಮೈ ಗಟ್ಟಿ ಮಾಡ್ಕೊಳ್ಳೋಣ ಅಂತ. ವ್ಯಾಯಾಮ, ಪಥ್ಯ, ಎಲ್ಲ ಮಾಡಿದೆ."

"ವ್ಯಾಯಾಮ ಬೇಕೇ ಬೇಕು ನಿಮಗೆ. ಬೇಡ ಅಂದವರು ಯಾರು? ಆದ್ರೆ ನೀವು ಮಾಡಿದ್ದು ವ್ಯಾಯಾಮ ಅಲ್ಲ, ಜಗಳ. ನಿಮ್ಮ ಮೈಯೊಳಗಿನ ಕಾವಲು ಪಡೆಯೇ ದಾರಿತಪ್ಪಿ ನಿಮ್ಮ ಕೀಲುಗಳನ್ನ ಹೊಡೀತಿದೆ. ಅದರ ಜೊತೆ ನೀವೂ ಸೇರ್ಕೊಂಡು ಹೊಡೆದ್ರೆ ಆ ಕೀಲುಗಳು ಯಾರ ಹತ್ರ ಹೋಗ್ಬೇಕು?"

ಗದೆಯಮ್ಮ ಕಣ್ಣು ಮುಚ್ಚಿದಳು.

"ಹಸಿವಿನಿಂದ ಈ ಉರಿ ಆರಲ್ಲ," ಡಾಕ್ಟರಮ್ಮ ಮುಂದುವರಿಸಿದಳು. "ಕಾಳು, ತರಕಾರಿ, ಹಣ್ಣು, ಮೀನು, ಹೊಟ್ಟೆ ತುಂಬ ತಿನ್ನಿ. ಮಾತ್ರೆ ನಾನು ಹೇಳಿದ ಹಾಗೆ ನುಂಗಿ, ಮುಖ ಊದದ ಹಾಗೆ ಬದಲಾಯಿಸಿ ಕೊಡ್ತೀನಿ. ಊತ ಇರೋ ದಿನ ಕೀಲು ಮೆಲ್ಲಗೆ ಆಡಿಸಿದ್ರೆ ಸಾಕು. ಇಳಿದ ದಿನ ನಡೀರಿ, ಈಜಿ. ನಿಮ್ಮ ಕೈದಿಯೊಬ್ಬಳು ಪಕ್ಕದ ವಾರ್ಡಿನಲ್ಲಿದ್ದಾಳಲ್ಲ, ಅವಳಿಗೂ ಇದನ್ನೇ ಹೇಳಿದೀನಿ. ಅವಳದು ಇನ್ನೂ ಜೋರಾಗಿದೆ. ಜೊತೆಗೆ ಮಣಿಕಟ್ಟಿನ ಮೂಳೆ ಬೇರೆ ಮುರಿದಿದೆ. ಬಚ್ಚಲಲ್ಲಿ ಜಾರಿ ಬಿದ್ಲಂತೆ."

"ಅವಳು ಹಾಗಂದ್ಲಾ?"

"ಅವಳು ಮಾತೇ ಆಡಲ್ಲ. ಕರ್ಕೊಂಡು ಬಂದವರು ಅಂದ್ರು."

ಅದೇ ಮಧ್ಯಾಹ್ನ ಜೈಲಿನ ಸೂಪರಿಂಟೆಂಡೆಂಟ್ ಸಾಹೇಬರು ಹಣ್ಣಿನ ಚೀಲ ಹಿಡಿದು ಬಂದರು. ನಿವೃತ್ತಿಗೆ ಹತ್ತಿರವಾದವರು. ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ನಾಳೆ ಗಲಭೆ ವಿಚಾರಣೆಗೆ ನ್ಯಾಯಾಧೀಶೆ ಬರ್ತಾರೆ. ಬಚ್ಚಲಲ್ಲಿ ಜಾರಿದ್ಲು ಅಂತ ಎಲ್ಲರ ಮಾತೂ ಒಂದೇ ಆಗಿದೆ. ಆ ಹುಡುಗಿಯೂ ಬಾಯಿ ಬಿಡಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಗಲಭೆ ತಪ್ಪು ಆ ದೊಡ್ಡಮ್ಮನ ಮೇಲೆ ಹೋಗತ್ತೆ. ಅವಳು ಹೇಗೂ ಸಾಯೋವರೆಗೆ ಒಳಗಿರೋಳು."

"ಮತ್ತೆ ನನ್ನ ಕೈ?"

"ಗಲಭೆಯಲ್ಲಿ ಆದ ಗಾಯ ಅಂತೀವಿ. ದೈಹಿಕ ಪರೀಕ್ಷೆ ಇನ್ನು ನಿಮಗೆ ಬೇಡ. ಪಟ್ಟಿ ತೋಳ ಮೇಲೆ ಹಾಗೇ ಇರತ್ತೆ." ಅವರು ಅವಳ ಮುಖ ನೋಡಿ ನಿಟ್ಟುಸಿರು ಬಿಟ್ಟರು. "ನನ್ನನ್ನ ಕೆಟ್ಟವನು ಅಂದ್ಕೋಬೇಡಿ. ಇನ್ನೂರು ಹೆಂಗಸರು, ನೀವು ಹನ್ನೆರಡು ಜನ. ಭಯ ಅನ್ನೋದು ಒಂದು ಸಲ ಹೋದ್ರೆ ನಾಳೆ ಗೇಟು ತೆಗೆಯೋರು ಯಾರು? ನೀವು ತಪ್ಪೊಪ್ಪಿಕೊಂಡ್ರೆ ಉಳಿದ ಹನ್ನೊಂದು ಜನಕ್ಕೆ ರಾತ್ರಿ ಕಾವಲು ಹೇಗೆ ಮಾಡೋಕಾಗತ್ತೆ, ಯೋಚಿಸಿ."

ಅವರ ಮಾತಿನಲ್ಲಿ ನಿಜವಿತ್ತು. ಆ ಭಯವನ್ನು ಕಟ್ಟಿದವಳು ಅವಳೇ. ನಿನ್ನೆ ಊಟದ ಹಜಾರದಲ್ಲಿ ಅವಳ ಮೈ ಮೇಲೆ ಕುಸಿದು ಬಿದ್ದದ್ದೂ ಅದೇ.

ಮರುದಿನ ನ್ಯಾಯಾಧೀಶೆ ವಾರ್ಡಿಗೇ ಬಂದರು. ಗುಬ್ಬಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಕಿವಿಗೆ ಪಟ್ಟಿ ಕಟ್ಟಿಕೊಂಡ ಕಿರಿಯ ವಾರ್ಡರ್ ಅವಳ ಹಿಂದೆ ನಿಂತಿದ್ದಳು. ಸಾಹೇಬರು ಕಿಟಕಿಯ ಬಳಿ.

"ಕೈ ಹೇಗೆ ಮುರೀತಮ್ಮ?" ನ್ಯಾಯಾಧೀಶೆ ಕೇಳಿದರು.

ಗುಬ್ಬಿಯ ಹೆಗಲ ಮೇಲೆ ಕಿರಿಯ ವಾರ್ಡರಳ ಕೈ ಇತ್ತು. ಗುಬ್ಬಿ ನೆಲ ನೋಡಿದಳು. "ಬಚ್ಚಲಲ್ಲಿ ಜಾರಿದೆ," ಎಂದಳು. ಯಾರೋ ಬಾಯಿಪಾಠ ಮಾಡಿಸಿದ ಮಗುವಿನ ದನಿ.

ನ್ಯಾಯಾಧೀಶೆ ತಲೆಯಾಡಿಸಿ ಏಳುವುದರಲ್ಲಿದ್ದರು. ಮುಗಿದೇ ಹೋಗಿತ್ತು. ಯಾರೂ ಗದೆಯಮ್ಮನನ್ನು ಏನೂ ಕೇಳಿರಲಿಲ್ಲ.

"ಜಾರಲಿಲ್ಲ," ಎಂದಳು ಗದೆಯಮ್ಮ. ಪಕ್ಕೆ ಚುಚ್ಚಿ ಮಾತು ತುಂಡಾಯಿತು. ಮತ್ತೆ ಉಸಿರು ತೆಗೆದುಕೊಂಡಳು. "ನಾನು ಹೊಡೆದೆ. ಬೆಳಿಗ್ಗೆ ಏಳಕ್ಕಾಗಲ್ಲ ಅಂದ್ಲು. ಬಿಸಿನೀರು ಕೇಳಿದ್ಲು. ನನಗೂ ಅದೇ ಕಾಯಿಲೆ ಇದೆ, ಅವಳು ಸುಳ್ಳು ಹೇಳ್ತಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ. ಗಲಭೆ ಅದಕ್ಕೇ ಆಯ್ತು. ದೊಡ್ಡಮ್ಮ ಶುರು ಮಾಡಿದ್ದಲ್ಲ, ನಾನು ಶುರು ಮಾಡಿದ್ದು."

ಸಾಹೇಬರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಗುಬ್ಬಿ ತಲೆ ಎತ್ತಿದಳು. ಅವಳ ಮುಖದಲ್ಲಿ ಕೃತಜ್ಞತೆಯಿರಲಿಲ್ಲ. ಇದರಲ್ಲಿ ಇನ್ನೇನು ಹೊಂಚಿದೆಯೋ ಎಂದು ಹುಡುಕುವ ಭಯ ಮಾತ್ರವಿತ್ತು.

ಗಂಡನಿಗೆ ಸುದ್ದಿ ತಲುಪುವ ಹೊತ್ತಿಗೆ ಗದೆಯಮ್ಮನ ಕೆಲಸ ಅಮಾನತಾಗಿತ್ತು, ಮೇಲೊಂದು ಮೊಕದ್ದಮೆಯೂ ದಾಖಲಾಗಿತ್ತು. ಅವನು ಹಾಸಿಗೆಯ ಪಕ್ಕ ಕೂತು ಗ್ರೀಸಿನ ಕೈಗಳನ್ನು ಉಜ್ಜಿಕೊಂಡ.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ಕಣೇ. ಜೈಲಲ್ಲಿದ್ದೋಳು ನೀನು. ವಾರ್ಡರ್ ಕೈದಿಯಾಗಿ ಒಳಗೆ ಹೋದ್ರೆ ಏನಾಗತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ," ಎಂದು ಒಪ್ಪಿಕೊಂಡ. ಅವನ ಹುಬ್ಬಿನ ಮೇಲೆ ಗಾಯದ ಗೆರೆ ಇನ್ನೂ ಕೆಂಪಗಿತ್ತು. ಗದೆಯಮ್ಮ ಊದಿದ ಬೆರಳೊಂದನ್ನು ಎತ್ತಿ ಆ ಗೆರೆಯನ್ನು ಮುಟ್ಟಿದಳು.

"ಇದಕ್ಕೆ ಯಾರೂ ವಿಚಾರಣೆ ಮಾಡಲಿಲ್ಲ. ತಪ್ಪಾಯ್ತು ರೀ."

ಅವನು ಮುಖ ತಿರುಗಿಸಿ ಸಾಹೇಬರ ಹಣ್ಣಿನ ಚೀಲ ಬಿಚ್ಚಿದ. "ಬಾಳೆಹಣ್ಣು ಸುಲಿದು ಕೊಡ್ತೀನಿ, ತಿನ್ನು. ಸೌತೆಕಾಯಿ ಹೆಸರೆತ್ತಿದ್ರೆ ನೋಡು."

ಅವಳು ನಕ್ಕಳು. ಪಕ್ಕೆ ನೋಯಿತು.

ಮೊಕದ್ದಮೆ ಆಮೆಯ ನಡಿಗೆಯಲ್ಲಿ ಸಾಗುತ್ತಿತ್ತು. ಗದೆಯಮ್ಮನಿಗೆ ಅಷ್ಟರಲ್ಲಿ ಅದಕ್ಕಿಂತ ನಿಧಾನವಾದ ಕೆಲಸವೊಂದು ಗಂಟುಬಿದ್ದಿತ್ತು. ಕೀಲು ವಿಭಾಗದ ವ್ಯಾಯಾಮದ ಕೋಣೆಗೆ ಹೋಗಿ, ಮೇಜಿನ ಮೇಲೆ ಅಂಗೈಯಿಟ್ಟು, ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಳಿಸಬೇಕು. ಕುರ್ಚಿಯಲ್ಲಿ ಕೂತು ಕಾಲು ನೀಡಿ ಮಡಚಬೇಕು. ಮೊದಮೊದಲು ಅವಳಿಗೆ ಅವಮಾನದಿಂದ ಅಳು ಬರುತ್ತಿತ್ತು. ಕಬ್ಬಿಣ ಹೊತ್ತಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ನೋವು ಬಂದಲ್ಲಿ ನಿಲ್ಲಿಸಬೇಕೆಂಬುದು ಅವಳ ತಲೆಗೆ ಹೋಗುತ್ತಲೇ ಇರಲಿಲ್ಲ. ಹಲ್ಲು ಕಚ್ಚಿ ಮುಂದೆ ತಳ್ಳಿಬಿಡುವಳು. "ಅಲ್ಲಿಗೆ ಸಾಕಮ್ಮ, ಅದು ಬೇಡ ಅಂತಿದೆ, ಕೇಳಿಸ್ಕೊಳ್ಳಿ," ಎಂದು ತರಬೇತಿಯವರು ಕೈ ಅಡ್ಡ ಹಿಡಿಯುವರು. ಕೆಟ್ಟ ದಿನಗಳೂ ಇದ್ದವು. ಲೋಟ ಎತ್ತಲಾಗದೆ ಗೋಡೆಗೆ ಗುದ್ದಬೇಕೆನಿಸಿದ ದಿನಗಳು. ಗುದ್ದಲಿಲ್ಲ. ನಿಧಾನಕ್ಕೆ ಮಾತ್ರೆ ಹಿಡಿಯಿತು. ಬೆಳಿಗ್ಗೆ ಆಟದ ಮೈದಾನದ ಸುತ್ತ ನಡೆಯತೊಡಗಿದಳು. ಮನೆಯಲ್ಲಿ ಇಬ್ಬರೂ ಒಂದೇ ಊಟ ಉಣ್ಣತೊಡಗಿದರು.

ಒಂದು ಬೆಳಿಗ್ಗೆ ಕೀಲು ವಿಭಾಗದ ಮುಂದಿನ ಬೆಂಚಿನಲ್ಲಿ ಸರದಿಗಾಗಿ ಕೂತಿದ್ದಳು. ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಗುಬ್ಬಿ ಇದ್ದಳು, ಪಕ್ಕದಲ್ಲಿ ಕಿರಿಯ ವಾರ್ಡರ್. ಈಚೆಗೆ ನ್ಯಾಯಾಧೀಶೆಯ ಆದೇಶದಂತೆ ಗುಬ್ಬಿಯನ್ನು ಚಿಕಿತ್ಸೆಗೆ ಕರೆತರುತ್ತಿದ್ದರು. ಗುಬ್ಬಿ ಗದೆಯಮ್ಮನನ್ನು ಕಂಡಿದ್ದಳು. ಕಂಡೊಡನೆ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು.

ಒಳಗಿನಿಂದ ಗುಬ್ಬಿಯ ಸರದಿ ಕೂಗಿದರು. ಅವಳು ಏಳಲು ನೋಡಿದಳು. ಆಗಲಿಲ್ಲ. ಬೆಳಗಿನ ಹೊತ್ತು, ದೂರದಿಂದ ವ್ಯಾನಿನಲ್ಲಿ ಕೂತು ಬಂದ ಮೈ.

"ಏಳೇ, ಶುರುವಾಯ್ತಾ ನಾಟಕ," ಎಂದು ಕಿರಿಯ ವಾರ್ಡರ್ ಅವಳ ರಟ್ಟೆ ಹಿಡಿದು ಎಳೆದಳು. ಗುಬ್ಬಿಯ ಬಾಯಿಂದ ಸಣ್ಣ ನರಳಿಕೆ ಹೊರಟಿತು. ಬೆಂಚುಗಳಲ್ಲಿದ್ದವರು ತಲೆ ತಗ್ಗಿಸಿದರು. ವಾರ್ಡರ್ ಲಾಠಿಯ ತುದಿಯಿಂದ ಗುಬ್ಬಿಯ ಮಂಡಿಯನ್ನು ತಿವಿದಳು.

ಗದೆಯಮ್ಮ ಎದ್ದಳು. ಅವಳ ಮಂಡಿಯೂ ಸುಲಭವಾಗಿ ಏಳಲಿಲ್ಲ. ಕುಂಟುತ್ತ ಹೋಗಿ ಇಬ್ಬರ ನಡುವೆ ನಿಂತು, ಲಾಠಿಯ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹಿಡಿತದಲ್ಲಿ ಬಲವಿರಲಿಲ್ಲ. ಕಿರಿಯ ವಾರ್ಡರ್ ಎಳೆದುಕೊಳ್ಳಬಹುದಿತ್ತು.

"ಕೈ ಬಿಡಿ. ನೀವೀಗ ಡ್ಯೂಟಿಲಿಲ್ಲ," ಎಂದಳು ಅವಳು. ಆಮೇಲೆ ದನಿ ಇಳಿಸಿ, ನಿಜಕ್ಕೂ ಅರ್ಥವಾಗದವಳಂತೆ ಕೇಳಿದಳು: "ನೀವೇ ಅಲ್ವಾ ಮೇಡಂ ಕಲಿಸಿದ್ದು?"

"ಹೌದು, ನಾನೇ ಕಲಿಸಿದ್ದು," ಎಂದಳು ಗದೆಯಮ್ಮ. "ತಪ್ಪು ಕಲಿಸಿದೆ. ಅವಳು ತಾನಾಗಿ ಏಳೋವರೆಗೆ ಕಾಯೋಣ."

"ಸರದಿ ಹೋಗತ್ತೆ."

"ನನ್ನ ಸರದಿ ಅವಳಿಗೆ ಕೊಟ್ಟೆ. ಕಾಯೋಣ."

ಮೂವರೂ ಹಾಗೇ ಇದ್ದರು. ಒಳಗಿನಿಂದ ಇನ್ನೊಮ್ಮೆ ಕೂಗಿದರು. ಯಾರೋ ನರ್ಸು ಇಣುಕಿ ನೋಡಿ, ಏನೂ ಹೇಳದೆ ಬಾಗಿಲನ್ನು ತೆರೆದಿಟ್ಟು ಹೋದಳು. ಗುಬ್ಬಿ ಪಾದಗಳನ್ನು ನೆಲದ ಮೇಲೆ ಹಿಂದೆ ಮುಂದೆ ಆಡಿಸಿದಳು. ಬೆರಳುಗಳನ್ನು ಬಿಚ್ಚಿ ಮಡಚಿದಳು. ಬೆಂಚಿನ ಅಂಚಿಗೆ ಅಂಗೈ ಊರಿ ಎದ್ದಳು, ಕೂತಳು, ಮತ್ತೆ ಊರಿ ಎದ್ದಳು. ಯಾರೂ ಅವಳನ್ನು ಮುಟ್ಟಲಿಲ್ಲ.

ನಿಂತಮೇಲೆ ಉಸಿರು ತಿರುಗುವವರೆಗೆ ಗೋಡೆ ಹಿಡಿದುಕೊಂಡಿದ್ದು, ಗುಬ್ಬಿ ಗದೆಯಮ್ಮನ ಮುಖ ನೋಡದೆ, ಅವಳನ್ನು ದಾಟಿ, ತನ್ನದೇ ನಡಿಗೆಯಲ್ಲಿ ಒಳಗೆ ಹೋದಳು. ಕಿರಿಯ ವಾರ್ಡರ್ ಲಾಠಿಯನ್ನು ಬೆಂಚಿನ ಮೇಲಿಟ್ಟು, ಅವಳ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದಳು.